ಹುಸೇನಪ್ಪನ ನೆಲದ ಮೇಲೆ ಮೇಜು ಕೂಡಿಸಿದ್ದು

ಕುಷ್ಟಗಿ ಕಡೆಯವನೊಬ್ಬ ಮೊನ್ನೆ ಫೋನು ಮಾಡಿದ್ದ. ಹಳೆಯ ಪೂಲ್ ಟೇಬಲ್ ಕೊಂಡವರ ಮನೆಗೆ ಅದನ್ನು ಸಾಗಿಸಿ ಕೂಡಿಸಿಕೊಡುವ ಧಂದೆ ಸುರು ಮಾಡುತ್ತಾನಂತೆ. “ಕಾಕಾ, ವಿಡಿಯೋ ಎಲ್ಲಾ ನೋಡೇನ್ರಿ. ಕಲ್ಲು ಹೆಂಗ ಜೋಡಸಬೇಕು, ಬಟ್ಟಿ ಹೆಂಗ ಎಳೀಬೇಕು, ಎಲ್ಲಾ ತಿಳದೈತಿ. ಮತ್ತೇನರ ಉಳದೈತೇನ್ರಿ?” ಅಂದ.

“ಆ ವಿಡಿಯೋದಾಗಿನ ಮನಿಗೆ ನೆಲ ಹಾಕಿದಾವ ಯಾರು?” ಅಂತ ಕೇಳಿದೆ.

“ಅದೇನ ತೋರಿಸಿಲ್ರಿ.”

“ಹಂಗಾರ ಉಳದದ್ದು ಅದ ನೋಡಪಾ” ಎಂದು ಫೋನು ಇಟ್ಟುಬಿಟ್ಟೆ. ಆಮೇಲೆ ಪಾಪ ಅನಿಸಿತು. ಕೇಳಿದವನಿಗೆ ಒಗಟು ಹೇಳಿ ಕಳಿಸುವುದು ಮುದುಕರ ಚಾಳಿ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಕೂತು ಬರೆಯಲೂ ಈಗ ಸೊಂಟ ಕೇಳುವುದಿಲ್ಲ, ಗೋಡೆಗೆ ದಿಂಬು ಒತ್ತಿಕೊಂಡು ಬರೆಯಬೇಕು. ಉದ್ದವಾದರೆ ಬೈಕೊಳ್ಳಬೇಡಿ.

ನಮ್ಮದು ಕೊಪ್ಪಳದ ಬಡಿಗೇರ ಮನೆತನ. ಕೂರಿಗೆ, ಕುಂಟೆ, ಬಾಗಿಲ ಚೌಕಟ್ಟು ಮಾಡಿಕೊಂಡಿದ್ದವರು. ಟ್ರ್ಯಾಕ್ಟರು ಬಂದು ಕೂರಿಗೆ ಹೋಯಿತು, ರೆಡಿಮೇಡ್ ಬಾಗಿಲು ಬಂದು ಚೌಕಟ್ಟೂ ಹೋಯಿತು. ಅಷ್ಟರಲ್ಲಿ ಊರೂರಿಗೆ ಪೂಲ್ ಆಡುವ ಅಂಗಡಿಗಳು ಎದ್ದವು. ಎದ್ದಷ್ಟೇ ಬೇಗ ಮುಚ್ಚಿದವು. ಮುಚ್ಚಿದ ಅಂಗಡಿಯ ಮೇಜುಗಳನ್ನು ಶೋಕಿಗೆ ಬಿದ್ದವರು ಮನೆಗೆ ಒಯ್ಯತೊಡಗಿದರು. ಈ ಮೇಜು ಹಾಗೇ ಎತ್ತಿಕೊಂಡು ಹೋಗುವ ವಸ್ತುವಲ್ಲ. ಹಸಿರು ಬಟ್ಟೆಯ ಕೆಳಗೆ ಮೂರು ತುಂಡು ಚಪ್ಪಡಿ ಕಲ್ಲು ಮಲಗಿರುತ್ತದೆ. ಬಟ್ಟೆ ಸುಲಿದು, ರಬ್ಬರಿನ ಅಂಚು ಬಿಚ್ಚಿ, ಕಲ್ಲು ಎಬ್ಬಿಸಿ, ಹಮಾಲರ ಹೆಗಲ ಮೇಲೆ ಹೊರಿಸಿ, ಇನ್ನೊಂದು ಕಡೆ ಮತ್ತೆ ಎಲ್ಲವನ್ನೂ ಕೂಡಿಸಬೇಕು. ತಲೆ ಮೇಲೆ ಚಪ್ಪಡಿ ಎಳೆದುಕೊಳ್ಳುವುದು ಅನ್ನುತ್ತಾರಲ್ಲ, ನಾನು ಅದನ್ನೇ ಹೊಟ್ಟೆಪಾಡು ಮಾಡಿಕೊಂಡವನು.

ಕಲ್ಲು ಎತ್ತುವುದು ಕಷ್ಟವೇ. ಆದರೆ ನನ್ನನ್ನು ದಣಿಸಿದ್ದು ಕಲ್ಲಲ್ಲ, ನೆಲ. ನಮ್ಮ ಕಡೆ ಮನೆ ತೊಳೆಯುವುದೆಂದರೆ ಕೊಡಗಟ್ಟಲೆ ನೀರು ಸುರಿದು ಕಸಬರಿಗೆಯಿಂದ ಗುಡಿಸುವುದು. ಸುರಿದ ನೀರು ತಾನಾಗಿ ಹರಿದು ಹೊರಗೆ ಹೋಗಬೇಕು. ಅದಕ್ಕಾಗಿ ಗೌಂಡಿ ನೆಲ ಹಾಕುವಾಗಲೇ ಬಾಗಿಲ ಕಡೆಗೆ ಇಳಿಜಾರು ಬಿಟ್ಟಿರುತ್ತಾನೆ. ಅದಕ್ಕೆ ವಾಟ ಅನ್ನುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಮಾತ್ರ ಗೊತ್ತು. ವಾಟ ಸರಿಯಿಲ್ಲದ ಗೌಂಡಿಯನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ. ಪೂಲ್ ಮೇಜಿಗೋ ಎಳ್ಳಷ್ಟೂ ವಾಟ ಇರಕೂಡದು. ಇದ್ದರೆ ಚೆಂಡು ತಾನಾಗಿಯೇ ನಡೆಯುತ್ತದೆ. ಗೌಂಡಿ ಮಾಡಿದ್ದನ್ನು ಬಡಿಗ ಅಲ್ಲಗಳೆಯಬೇಕು, ಇದೇ ನನ್ನ ಕಸುಬು. ಮನೆ ಮನೆಯಲ್ಲೂ ಇದೇ ಜಗಳ.

ಕಲಿಸಿದವರು ಗಂಗಾವತಿಯ ಒಬ್ಬ ಉಸ್ತಾದರು. ಮೊದಲು ಕ್ಲಬ್ಬುಗಳ ಮೇಜಿಗೆ ಬಟ್ಟೆ ಹಾಕುತ್ತಿದ್ದವರು. ಬೈಗುಳ ಬಿಟ್ಟು ಮಾತಾಡಿದ್ದು ಕಡಿಮೆ. ಹೊಸ ಮನೆಗೆ ಹೋದ ಕೂಡಲೇ ನಾನು ಮೇಜಿನ ಕಾಲು ಬಿಚ್ಚಲು ಕೂತರೆ ಹಿಂದಿನಿಂದ ಒಂದು ಏಟು ಬೀಳುತ್ತಿತ್ತು. “ಮೇಜ್ ಕು ನಕ್ಕೋ ದೇಖ್ ರೇ, ಜಮೀನ್ ಕು ದೇಖ್!” ಮೇಜು ನೋಡಬೇಡ, ನೆಲ ನೋಡು. ಅವರ ಬಳಿ ಇದ್ದದ್ದು ಮಟ್ಟ ನೋಡುವ ಒಂದು ರಸಮಟ್ಟ ಮತ್ತು ನೀರು ತುಂಬಿದ ಪಾರದರ್ಶಕ ಪೈಪು. ಪೈಪಿನ ಎರಡು ತುದಿಯ ನೀರು ಒಂದೇ ಎತ್ತರಕ್ಕೆ ನಿಲ್ಲುವವರೆಗೆ ಮೇಜಿನ ಕಾಲಡಿಗೆ ಮರದ ಬೆಣೆ ಕೊಡುತ್ತ ಹೋಗುತ್ತಿದ್ದರು. ಅರ್ಧ ದಿನ ಅದರಲ್ಲೇ ಕಳೆಯುತ್ತಿತ್ತು. ಮನೆಯವರು ಇವರಿಗೆ ಕೆಲಸ ಬರುವುದಿಲ್ಲ ಎಂದುಕೊಳ್ಳುತ್ತಿದ್ದರು. ಈಗ ಫೋನನ್ನು ಕಲ್ಲಿನ ಮೇಲಿಟ್ಟರೆ ಅದೇ ಹೇಳುತ್ತದೆ. ಒಳ್ಳೆಯದೇ ಆಯಿತು. ಆದರೆ ಫೋನಿನ ಹಿಂಬದಿಗೆ ಕವರು ಹಾಕಿರುತ್ತೀರಿ, ಕ್ಯಾಮೆರಾ ಉಬ್ಬಿರುತ್ತದೆ. ಅದನ್ನು ನಂಬಿ ಬೆಣೆ ಹೊಡೆದವರ ಮೇಜು ಸರಿಮಾಡಲು ನನ್ನನ್ನೇ ಕರೆದಿದ್ದಾರೆ.

ಗಂಗಾವತಿಯ ಒಬ್ಬ ಅಕ್ಕಿ ಗಿರಣಿ ಸಾಹುಕಾರರ ಕತೆ ಹೇಳಿಬಿಡುತ್ತೇನೆ. ಮೇಜು ಕೂಡಿಸಿ, ಚೆಂಡು ಇಟ್ಟಲ್ಲೇ ನಿಲ್ಲುವಂತೆ ಮಾಡಿ ಕೈ ಒರೆಸಿಕೊಳ್ಳುತ್ತಿದ್ದೆ. ಅವರ ವಾಸ್ತುವಿನವರು ಬಂದರು. ಇಷ್ಟು ಭಾರದ ಕಲ್ಲು ಮನೆಯೊಳಗೆ ಬಂದಿದೆ, ನೈರುತ್ಯ ಎತ್ತರ ಇರಬೇಕು, ಈಶಾನ್ಯ ತಗ್ಗಿರಬೇಕು ಎಂದು ಅಪ್ಪಣೆ ಕೊಟ್ಟರು. “ಅದು ಮನಿಗ್ರಿ, ಮೇಜಿಗಲ್ಲ” ಅಂದೆ. “ಕಲ್ಲು ಅಂದ ಮ್ಯಾಲೆ ಎಲ್ಲಾ ಒಂದ. ಇಳಸು” ಅಂದರು ಸಾಹುಕಾರರು. ಇಳಿಸಿದೆ. ಎಲ್ಲಿಂದ ಹೊಡೆದರೂ ಚೆಂಡುಗಳು ಈಶಾನ್ಯದ ದೇವಮೂಲೆಗೆ ಯಾತ್ರೆ ಹೊರಡತೊಡಗಿದವು. ಸಾಹುಕಾರರಿಗೆ ಸ್ವಲ್ಪ ದಿನದಲ್ಲಿ ಆ ದಾರಿ ಬಾಯಿಪಾಠವಾಯಿತು. ಬಂದ ಬೀಗರು, ನೆಂಟರು, ಆಫೀಸರುಗಳೆಲ್ಲ ಸೋತು ಸುಣ್ಣವಾದರು. ವಾಸ್ತು ಫಲ ಕೊಟ್ಟಿತೆಂದು ಅವರು ಹಿಗ್ಗಿದರು. ಕ್ರಮೇಣ ಆಡಲು ಯಾರೂ ಬರದಾದರು. ಕೊನೆಗೆ ಆ ಮೇಜಿನ ಮೇಲೆ ಹಪ್ಪಳ ಒಣಗುತ್ತಿದ್ದುದನ್ನು ನಾನೇ ಕಂಡೆ.

ಕುಷ್ಟಗಿಯಲ್ಲಿ ಆದದ್ದು ಇನ್ನೊಂದು ತರಹ. ದಾರಿಯಲ್ಲಿ ಟಂಟಂ ಗಾಡಿ ಗುಂಡಿಗೆ ಬಿದ್ದು ಒಂದು ಚಪ್ಪಡಿ ಸೀಳಿತು. ಗ್ರಾನೈಟ್ ಕೊಯ್ಯುವ ಊರು, ಕಲ್ಲಿಗೇನು ಬರ? ಕಲ್ಲು ಕೊಯ್ಯುವವರಿಗೆ ಅದೇ ದಪ್ಪಕ್ಕೆ ಒಂದು ತುಂಡು ಕೊಯ್ದುಕೊಡಲು ಹೇಳಿ ಬಂದೆ. ಅವರು ಪ್ರೀತಿಯಿಂದ, ಕೇಳದೆಯೇ, ಕನ್ನಡಿಯಂತೆ ಪಾಲಿಶ್ ಮಾಡಿ ಕಳಿಸಿದರು. “ನಮ್ಮೂರ ಕಲ್ಲು ಪಾಲಿಶ್ ಇಲ್ದ ಹೊರಗ ಹೋದ್ರ ಮರ್ಯಾದಿ ಏನು ಉಳೀತ್ರಿ?” ಎಂದರು. ಆ ನುಣುಪಿಗೆ ಅಂಟು ಹಿಡಿಯಲಿಲ್ಲ. ಬಟ್ಟೆ ಬಿಗಿದು ಹಾಕಿದರೆ ಬೆಳಗಾಗುವಷ್ಟರಲ್ಲಿ ಮುದುಕನ ಕೆನ್ನೆಯಂತೆ ಸುಕ್ಕಾಗಿತ್ತು. ಮರ್ಯಾದೆಯನ್ನು ಉಜ್ಜುಕಲ್ಲಿನಿಂದ ಒರಟು ಮಾಡುವಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಯಿತು. ಆ ರಟ್ಟೆ ಆಮೇಲೆ ಮೊದಲಿನಂತಾಗಲಿಲ್ಲ.

ಇವೆಲ್ಲ ನಗುವ ಮಾತು. ಈಗ ಹೇಳುವುದು ಹಾಗಲ್ಲ. ನಮ್ಮೂರ ಪಕ್ಕದ ಭಾಗ್ಯನಗರದ ಒಂದು ಮನೆಯಲ್ಲಿ ಮೇಜು ಕೂಡಿಸಲು ನನ್ನನ್ನು ಕರೆದದ್ದು ಮೇಜಿಗಾಗಿ ಮಾತ್ರ ಆಗಿರಲಿಲ್ಲ. ಒಬ್ಬ ಮುದುಕ ಗೌಂಡಿ ಹಾಕಿದ ನೆಲವನ್ನು ಒಡೆಯಬೇಕೋ ಬೇಡವೋ ಎಂಬ ತೀರ್ಪು ನನ್ನ ಬಾಯಿಂದ ಬರಬೇಕಾಗಿತ್ತು.

ಮನೆಯ ಯಜಮಾನ ಮಂಜುನಾಥ. ಮೋಟಾರು ರಿಪೇರಿಯ ಅಂಗಡಿ ಇಟ್ಟವನು, ಮಾತಿನಲ್ಲಿ ಚುರುಕು. ಪ್ರಾಯದಲ್ಲಿ ಹೊಸಪೇಟೆಯ ಒಂದು ಅಂಗಡಿಯಲ್ಲಿ ಪೂಲ್ ಆಡುತ್ತಿದ್ದನಂತೆ. ಅದು ಮುಚ್ಚಿದಾಗ ತಾನು ಆಡುತ್ತಿದ್ದ ಮೇಜನ್ನೇ ಕೊಳ್ಳುವ ಹಟ ಹಿಡಿದು, ನೋಡಲು ನನ್ನನ್ನು ಕರೆದೊಯ್ದ. ಹಳೆಯ ಮೇಜು ಕೊಳ್ಳುವವರು ಬಟ್ಟೆಯ ಬಣ್ಣ ನೋಡಿ ಮೋಸ ಹೋಗುತ್ತಾರೆ. ಬಟ್ಟೆ ಹೇಗೂ ಬದಲಿಸುವುದೇ. ಅಂಗೈ ಒತ್ತಿ ಸವರಿದರೆ ಕಲ್ಲಿನ ಸಂದು ಎದ್ದಿದ್ದು ತಿಳಿಯುತ್ತದೆ. ಚೆಂಡನ್ನು ಅಂಚಿಗೆ ಹೊಡೆದರೆ ರಬ್ಬರು ಸತ್ತಿದೆಯೋ ಬದುಕಿದೆಯೋ ಗೊತ್ತಾಗುತ್ತದೆ. ಕಾಲಿನ ಮರಕ್ಕೆ ಹುಳ ಬಿದ್ದಿದೆಯೋ ನೋಡಲು ಕೆಳಗೆ ಮಲಗಲೇಬೇಕು. ನಾನು ಮಲಗಿ ಎದ್ದೆ. ಮೇಜು ಗಟ್ಟಿ ಇತ್ತು.

ವಾಪಸು ಬರುವಾಗ ಅವನು ಮೆಲ್ಲಗೆ ತೆಗೆದ. “ಕಾಕಾ, ನಮ್ಮ ಹಾಲಿನ ನೆಲ ಹಳೇ ಶಹಾಬಾದಿ ಪರಸಿ ಐತ್ರಿ, ವಾಟ ಭಾಳ ಐತಿ. ನಮ್ಮಪ್ಪ ಹಾಕಿದ್ದು. ಅದನ್ನ ಕಿತ್ತು ಟೈಲ್ಸ್ ಹಾಕಸಬೇಕಂತೀನಿ, ಅವಾ ಒಪ್ಪವಲ್ಲ. ನೆಲ ಒಡೀದ ಮೇಜು ಕೂಡೂದಿಲ್ಲ ಅಂತ ನೀವೊಂದು ಮಾತು ಹೇಳಿಬಿಡ್ರಿ. ನಿಮ್ಮ ಮಾತಂದ್ರ ಕೇಳ್ತಾನ.”

“ನೋಡದ ಹೆಂಗ ಹೇಳಲಿ ತಮ್ಮಾ?” ಅಂದೆ. ಇಂಥ ಕೆಲಸಗಳೇ ಬೇಡವಾಗಿದ್ದವು ನನಗೆ. ಕಲ್ಲು ಹೊರುವುದು ಬೇರೆ, ಅಪ್ಪ ಮಕ್ಕಳ ನಡುವಿನ ಮಾತು ಹೊರುವುದು ಬೇರೆ.

ಅಪ್ಪ ಹುಸೇನಪ್ಪ ಹಾಲಿನಲ್ಲೇ ಮಂಚದ ಮೇಲೆ ಕೂತಿದ್ದರು. ಊರಿನ ಅರ್ಧ ನೆಲಗಳು ಅವರ ಕೈಯವು ಎಂದು ಕೇಳಿದ್ದೆ. ಈಗ ಕೈ ನಡುಗುವ ಕಾಯಿಲೆ. ಸೊಸೆ ರೇಣುಕಾ ಅವರಿಗೆ ಚಹಾವನ್ನು ಅರ್ಧ ಲೋಟ ಮಾತ್ರ ಕೊಡುತ್ತಿದ್ದಳು, ತುಳುಕಬಾರದೆಂದು. ಆ ಹಾಲಿನ ನೆಲವೇ ಅವರು ಹಾಕಿದ ಕೊನೆಯ ನೆಲ. ಆಮೇಲೆ ಕರಣೆ ಹಿಡಿಯಲಿಲ್ಲ.

“ಬರ್ರಿ ಬಡಿಗೇರ್ರ” ಅಂದರು. “ನನ್ನ ನೆಲಕ್ಕ ಸುಪಾರಿ ಕೊಟ್ಟಾನಂತಲ್ಲ ನಿಮಗ ನನ್ನ ಮಗ?”

ನಾನು ನಕ್ಕೆ. ಹುಸೇನಪ್ಪ ರೇಣುಕಾಗೆ ಒಂದು ಚೊಂಬು ನೀರು ತರಲು ಹೇಳಿದರು. ಗೋಡೆಯ ಬುಡಕ್ಕೆ ಸುರಿಸಿದರು. ನೀರು ಒಂದು ಕಡೆಯೂ ತಡೆಯದೆ, ಸಾಲಿನಿಂದ ಸಾಲಿಗೆ ಇಳಿದು ಹೊಸ್ತಿಲ ಪಕ್ಕದ ತೂತಿನಿಂದ ಹೊರಗೆ ಹೋಯಿತು. ನೆಲ ಒರೆಸಿದ ಹಾಗಾಯಿತು. ಇಷ್ಟು ನಯವಾದ ವಾಟವನ್ನು ನಾನು ಹೆಚ್ಚು ಕಡೆ ನೋಡಿಲ್ಲ.

“ಒಡಿಯೂದೇನ ಬ್ಯಾಡ. ಕಾಲಿಗೆ ಬೆಣಿ ಕೊಟ್ಟರ ಕೂಡತೈತಿ” ಅಂದೆ. ಇದ್ದದ್ದನ್ನೇ ಹೇಳಿದ್ದೆ. ಮಂಜುನಾಥನ ಮುಖ ಸಣ್ಣದಾಯಿತು.

“ಬೆಣಿ ಕೊಟ್ರ ಮೇಜು ಸೊಟ್ಟ ಕಾಣತೈತ್ರಿ. ಬಂದವರು ನಗ್ತಾರ” ಅಂದ. ಅದೂ ನಿಜ. ಇಳಿಜಾರು ನೆಲದ ಮೇಲೆ ಮಟ್ಟಸವಾಗಿ ನಿಂತ ಮೇಜು ಕಣ್ಣಿಗೆ ಓರೆಯಾಗಿಯೇ ಕಾಣುವುದು. ಕೊನೆಗೆ ಹೀಗೆಂದು ತೀರ್ಮಾನವಾಯಿತು: ಮೇಜು ಕೂಡಿಸಿ ನೋಡುವುದು, ಅಲುಗಾಡದೆ ನಿಂತರೆ ನೆಲ ಉಳಿಯುತ್ತದೆ, ಸ್ವಲ್ಪ ಹೆಚ್ಚುಕಮ್ಮಿಯಾದರೂ ಮರುದಿನವೇ ಟೈಲ್ಸಿನವರು ಬರುತ್ತಾರೆ. ಹುಸೇನಪ್ಪ ಹೂಂ ಅಂದರು. ತಮ್ಮ ನೆಲದ ಮೇಲೆ ಅವರಿಗೆ ಅಷ್ಟು ನಂಬಿಕೆ.

ಮೇಜು ಬಂದ ದಿನ ಹಮಾಲರು ಕಲ್ಲುಗಳನ್ನು ಗೋಡೆಗೆ ಆನಿಸಿ ಹೋದರು. ನಾನು ಕಾಲು ಬರುವ ಜಾಗಗಳಿಗೆ ಸುಣ್ಣದ ಗುರುತು ಹಾಕಿ, ಒಂದೊಂದು ಪರಸಿ ಕಲ್ಲನ್ನೂ ಸುತ್ತಿಗೆಯ ಮರದ ಹಿಡಿಯಿಂದ ಬಡಿಯುತ್ತ ಹೋದೆ. ಇದನ್ನು ಹೊಸಬರು ಬಿಡಬಾರದು. ಕೆಳಗೆ ತುಂಬಿಕೊಂಡ ಕಲ್ಲು ಗಟ್ಟಿ ದನಿ ಕೊಡುತ್ತದೆ. ಕೆಳಗೆ ಸಂದು ಇದ್ದರೆ ಡಬ್ ಅನ್ನುತ್ತದೆ, ಡಬ್ಬಿ ಬಡಿದಂತೆ. ಅಂಥ ಕಲ್ಲಿನ ಮೇಲೆ ಮೇಜಿನ ಕಾಲು ನಿಂತರೆ ಕಲ್ಲು ಇಂದಲ್ಲ ನಾಳೆ ಕುಸಿಯುತ್ತದೆ, ಇಲ್ಲವೇ ಬಿರಿಯುತ್ತದೆ.

ಮೂರು ಗುರುತುಗಳು ಗಟ್ಟಿಯಾಗಿದ್ದವು. ಮಂಚದ ಹತ್ತಿರದ ನಾಲ್ಕನೆಯದು ಡಬ್ ಅಂದಿತು.

ಕೈ ನಿಲ್ಲಿಸದೆ ಪಕ್ಕದ ಕಲ್ಲು ಬಡಿದೆ, ಅದು ಸರಿಯಿತ್ತು. ಎದ್ದು ನಿಂತು ಮಂಜುನಾಥನಿಗೆ, “ಮೇಜನ್ನ ಒಂದು ಗೇಣು ಕಿಡಕಿ ಕಡೆ ಸರಸೂಣು” ಅಂದೆ.

“ಯಾಕ್ರಿ? ಆ ಕಡಿ ಆಡೂ ಕೋಲು ಗ್ವಾಡಿಗೆ ಬಡಿತೈತಲ್ಲ?”

“ಗಾಳಿ ಛಲೋ ಬರತೈತಿ” ಅಂದೆ. ಸುಳ್ಳು ಹೇಳಲೂ ಹದ ಬೇಕು, ನನಗೆ ಅದಿಲ್ಲ.

“ಬಡಿಗೇರ್ರ” ಅಂದರು ಹುಸೇನಪ್ಪ ಮಂಚದಿಂದ. “ಮತ್ತೊಮ್ಮಿ ಬಡೀರಿ.”

ಪಕ್ಕದ ಕಲ್ಲನ್ನು ಬಡಿದೆ.

“ಅದಲ್ಲ. ಅದರ ಮಗ್ಗಲಿಂದು.”

ನಾನು ಬಡಿಯಲಿಲ್ಲ. ಅವರೇ ಮಂಚದಿಂದ ಇಳಿದು, ಗೋಡೆ ಹಿಡಿದು ಬಂದು, ನೆಲಕ್ಕೆ ಕೂತರು. ಬೆರಳ ಗೆಣ್ಣನ್ನು ಕಲ್ಲಿಗೆ ಇಟ್ಟರು. ಬಡಿಯುವ ಅಗತ್ಯವೇ ಬೀಳಲಿಲ್ಲ, ನಡುಗುವ ಕೈ ತಾನೇ ಬಡಿಯುತ್ತಿತ್ತು. ಡಬ್ ಡಬ್ ಡಬ್ ಎಂದು ಎಲ್ಲರಿಗೂ ಕೇಳಿಸಿತು. ಅಡುಗೆಮನೆಯ ಬಾಗಿಲಿಗೆ ಬಂದ ರೇಣುಕಾ ಅಲ್ಲೇ ನಿಂತಳು.

“ಪೊಳ್ಳ ಐತಿ” ಅಂದರು ಹುಸೇನಪ್ಪ. ಮಗನ ಕಡೆ ನೋಡಲಿಲ್ಲ. “ಮಂಜಾ, ಟೈಲ್ಸಿನವ್ರನ್ನ ಕರಿ. ಎಲ್ಲಾ ಕೀಳಸು. ಪೊಳ್ಳು ಕಲ್ಲು ಹಾಕಿದಾವ ಎಂಥಾ ಗೌಂಡಿ?”

ಮಂಜುನಾಥನಿಗೆ ಬೇಕಾಗಿದ್ದೇ ಅದು. ನಾನು ಹೇಳಬೇಕೆಂದು ಅವನು ಬಯಸಿದ್ದ ಮಾತನ್ನು ಅವರಪ್ಪನೇ ಆಡಿಬಿಟ್ಟಿದ್ದರು. ಅವನು ಫೋನು ತೆಗೆಯುತ್ತಾನೆ ಎಂದುಕೊಂಡೆ. ಆದರೆ ಅವನು ಅಪ್ಪನ ಮುದಿ ಬೆನ್ನನ್ನೇ ನೋಡುತ್ತ ನಿಂತಿದ್ದ.

“ಅದೊಂದ ಕಲ್ಲು ಎಬ್ಬಿಸಿ ನೋಡೂಣಲ್ಲಪಾ” ಅಂದ.

“ಎಬ್ಬಿಸಬೌದು. ಮತ್ತ ಕೂಡಸಾವ ಯಾರು?”

ಹುಸೇನಪ್ಪ ತಮ್ಮ ಮಗನಿಗೆ ಒಮ್ಮೆಯೂ ಕರಣೆ ಮುಟ್ಟಲು ಬಿಟ್ಟಿರಲಿಲ್ಲವಂತೆ. ಬಿಸಿಲು, ಸಿಮೆಂಟು, ಒಡೆದ ಅಂಗೈ ತನಗೇ ಸಾಕು ಎಂದು ಅವನನ್ನು ಐಟಿಐಗೆ ಹಾಕಿದ್ದರು. ನಾನು ಹಾರೆಯ ತುದಿ ಕೊಟ್ಟು ಕಲ್ಲನ್ನು ಮೀಟಿದೆ. ಮಂಜುನಾಥ ಕೈಹಚ್ಚಿ ಅದನ್ನು ಎಬ್ಬಿಸಿ ಬದಿಗಿಟ್ಟ.

ಕೆಳಗಿನ ಗಚ್ಚಿನ ಹಾಸು ಬಯಲಾಯಿತು. ಗೌಂಡಿ ಎಳೆದ ಕರಣೆಯ ಗೆರೆ ಅದರಲ್ಲಿ ಹಾಗೇ ಗಟ್ಟಿಯಾಗಿ ಕೂತಿರುತ್ತದೆ. ಸಾಮಾನ್ಯವಾಗಿ ಅದು ಒಂದೇ ಸೆಳೆತದ ಗೆರೆ. ಇಲ್ಲಿ ಗೆರೆ ನೆಟ್ಟಗಿರಲಿಲ್ಲ. ಉದ್ದಕ್ಕೂ ನಡುಗಿತ್ತು. ನಡುಗಿದಲ್ಲೆಲ್ಲ ಗಚ್ಚು ಸಿಡಿದು ಸಣ್ಣ ಸಣ್ಣ ತಗ್ಗುಗಳಾಗಿದ್ದವು, ಆ ತಗ್ಗುಗಳೇ ಪೊಳ್ಳಾಗಿ ದನಿ ಕೊಟ್ಟದ್ದು. ಕೆಲವು ಕಡೆ ಕರಣೆ ಬಿಟ್ಟು ಬರಿಗೈಯಿಂದ ಒತ್ತಿದ್ದ ಬೆರಳ ಗುರುತುಗಳೂ ಇದ್ದವು.

ಮಂಜುನಾಥ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಆ ಗೆರೆಯ ಮೇಲೆ ಬೆರಳಾಡಿಸಿದ.

“ಆವಾಗ ಕೈ ನಡುಗತಿತ್ತೇನಪಾ?”

“ಹೂಂ.”

“ಮತ್ತ ಹೇಳಲಿಲ್ಲಲ್ಲ?”

“ನಿನ್ನ ಹೊಸ ಮನಿ ಶಾಂತಿ ಹತ್ರ ಬಂದಿತ್ತು. ಮಂದಿಗೆಲ್ಲಾ ಕರದಿದ್ದಿ” ಅಂದರು ಹುಸೇನಪ್ಪ. “ನಿನ್ನ ಮನಿಗೆ ಬ್ಯಾರೆ ಗೌಂಡಿ ಬಂದು ನೆಲ ಹಾಕೂದನ್ನ ನಾ ಹೆಂಗ ನೋಡ್ಲೋ?”

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬೀಡಿ ಸೇದುವವನಲ್ಲ, ಆದರೂ ಬೀಡಿ ಸೇದುವವನಂತೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಈ ಕಸುಬಿನಲ್ಲಿ ಎಷ್ಟೋ ಮನೆಗಳ ಒಳಗೆ ಹೊಕ್ಕಿದ್ದೇನೆ. ಎಲ್ಲರೂ ನೆಲದ ಮೇಲೆ ಏನಿಡಬೇಕೆಂದು ಮಾತಾಡುತ್ತಾರೆ, ಕೆಳಗೆ ಏನಿದೆಯೆಂದು ಯಾರು ಕೇಳುತ್ತಾರೆ? ನನ್ನ ಕಣ್ಣೂ ತುಂಬಿತ್ತು. ಸುಮ್ಮನೆ ಯಾಕೆ ಮುಚ್ಚಿಡಲಿ.

ಒಳಗೆ ಬಂದಾಗ ಮಂಜುನಾಥ ಪ್ಯಾಂಟು ಮಡಿಚಿಕೊಂಡು ಬುಟ್ಟಿಯಲ್ಲಿ ಸಿಮೆಂಟು ಕಲಸುತ್ತಿದ್ದ. ಹುಸೇನಪ್ಪನ ಕರಣೆ ಅಟ್ಟದಿಂದ ಇಳಿದು ಬಂದಿತ್ತು. ಅವರು ಮಂಚದ ಅಂಚಿಗೆ ಕೂತು ಬೈಯುತ್ತಿದ್ದರು. “ನೀರು ಕಡಿಮಿ ಹಾಕಲೇ, ಅಂಬಲಿ ಮಾಡ್ಲಿಕತ್ತಿ ಏನು? ಕರಣಿ ಹಂಗಲ್ಲ ಹಿಡಿಯೂದು, ಪೆನ್ನಲ್ಲದು! ತಗಿ, ತಗದ ಮತ್ತ ಹಾಕು.” ತೆಗೆದ, ಮತ್ತೆ ಹಾಕಿದ. ಕಲ್ಲು ಒಂದು ಮೂಲೆ ಏಳುತ್ತಿತ್ತು, ಇನ್ನೊಂದು ಮೂಲೆ ಬೀಳುತ್ತಿತ್ತು. ನಾನು ಕೈಹಾಕಲು ಹೋದರೆ ಮುದುಕರು ಕಣ್ಣಿನಲ್ಲೇ ತಡೆದರು. ಕೊನೆಗೊಮ್ಮೆ ಕೂತಿತು. ಹುಸೇನಪ್ಪ ಹತ್ತಿರ ಬಂದು ಗೆಣ್ಣು ಇಟ್ಟು ಕೇಳಿದರು. ಗಟ್ಟಿ ದನಿ ಬಂತು. ಹೊಗಳಲಿಲ್ಲ. “ಒಣಗೂತನ ಯಾರೂ ತುಳೀಬ್ಯಾಡ್ರಿ” ಎಂದರು ಅಷ್ಟೇ. ಟೈಲ್ಸಿನ ಮಾತು ಆ ಮನೆಯಲ್ಲಿ ಅಲ್ಲಿಗೆ ಮುಗಿಯಿತು.

ಕಲ್ಲು ಒಣಗಿದ ಮೇಲೆ ಹೋಗಿ ಮೇಜು ಕೂಡಿಸಿದೆ. ಅದು ಮಟ್ಟಸವಾಗಿ ನಿಂತಿತು, ಕಣ್ಣಿಗೆ ಓರೆಯಾಗಿ ಕಂಡಿತು. ಮಂಜುನಾಥನ ಗೆಳೆಯರು ನಕ್ಕರಂತೆ. “ಮೇಜೂ ಸರಿ ಐತಿ, ನೆಲಾನೂ ಸರಿ ಐತಿ, ನಿಮ್ಮ ಕಣ್ಣಾಗ ವಾಟ ಐತಿ” ಅಂದನಂತೆ ಅವನು.

ಕೆಲವು ತಿಂಗಳ ನಂತರ ಬಟ್ಟೆ ಬಿಗಿ ಮಾಡಲು ಕರೆದಿದ್ದರು. ಅದೇ ನನ್ನ ಕಡೆಯ ಕೆಲಸ. ಅಲ್ಲಿಂದ ಬಂದು ಮಲಗಿದವನಿಗೆ ಮತ್ತೆ ಬಗ್ಗಲು ಆಗಲಿಲ್ಲ. ನಾನು ಹೋದಾಗ ರೇಣುಕಾ ಆಗತಾನೆ ಹಾಲಿನ ನೆಲ ತೊಳೆದಿದ್ದಳು. ನೀರೆಲ್ಲ ಎಂದಿನಂತೆ ಹರಿದು ಹೋಗಿತ್ತು, ಒಂದು ಕಡೆ ಮಾತ್ರ ನಿಂತಿತ್ತು. ಮಂಜುನಾಥ ಆ ಕಲ್ಲನ್ನು ಗಟ್ಟಿಯಾಗಿ ಕೂಡಿಸಿದ್ದ, ಆದರೆ ವಾಟ ಕೊಡುವುದನ್ನು ಮರೆತಿದ್ದ. ಅವಳು ಬಟ್ಟೆ ತಂದು ಮೇಜಿನ ಕೆಳಗೆ ಬಗ್ಗಿ ಆ ನೀರನ್ನು ಒರೆಸಿದಳು. ದಿನಾ ಒರೆಸುತ್ತಾಳಂತೆ.

“ಗೌಂಡ್ಯಾರ, ಬ್ಯಾರೆಯವರು ಹಾಕಿದ ನೆಲದಾಗ ಹಿಂಗ ನೀರು ನಿಂತಿದ್ರ ಬಿಡ್ತಿದ್ರೇನ್ರಿ?” ಎಂದು ಹುಸೇನಪ್ಪನನ್ನು ಛೇಡಿಸಿದೆ.

“ಯಾಕ ಬಿಡ್ಲಿ? ಕಿತ್ತು ಒಗೀತಿದ್ದೆ.”

“ಹಂಗಾರ ಇದನ್ನೂ ಎಬ್ಬಿಸಿಬಿಡ್ಲ್ಯಾ? ಹೆಂಗೂ ಹಾರಿ ತಂದೀನಿ.”

ಮುದುಕರು ಮಂಚದಿಂದ ಕಾಲು ಇಳಿಬಿಟ್ಟರು.

“ಮುಟ್ರಿ ನೋಡೂಣು” ಅಂದರು. “ನನ್ನ ಮಗ ಹಾಕಿದ ಕಲ್ಲು ಅದು.”